ಬರೀ ಬಿಸಿಗೆ ಮ್ಯಾಗ್ನೆಟೈಸೇಶನ್ ತಿರುಗುವುದು ಹೇಗೆ?

ತುಂಗಾತೀರ (ಎಂ.ಎಸ್ಸಿ., ಶಂಕರಘಟ್ಟ):
ಮುಂದಿನ ವಾರ ನನ್ನ ಸೆಮಿನಾರ್ ಇದೆ. ವಿಷಯ ಗ್ಯಾಡೊಲಿನಿಯಮ್-ಕಬ್ಬಿಣ-ಕೋಬಾಲ್ಟ್ ತೆಳು ಪದರ. 2007ರಲ್ಲಿ ನೆದರ್ಲೆಂಡ್ಸ್‌ನವರು 40 ಫೆಮ್ಟೊಸೆಕೆಂಡಿನ (ಒಂದು ಫೆಮ್ಟೊಸೆಕೆಂಡ್ ಅಂದರೆ ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಪಾಲು) ಲೇಸರ್ ಪಲ್ಸ್ ಬಿಟ್ಟು, ಹೊರಗಿನ ಮ್ಯಾಗ್ನೆಟಿಕ್ ಫೀಲ್ಡ್ ಇಲ್ಲದೆಯೇ ಇದರ ಮ್ಯಾಗ್ನೆಟೈಸೇಶನ್ (ಒಳಗಿನ ಆಯಸ್ಕಾಂತತೆ, ಅದಕ್ಕೊಂದು ದಿಕ್ಕೂ ಇದೆ) ತಿರುಗಿಸಿದರು. ಅದು ಸರ್ಕ್ಯುಲರ್ ಪೋಲರೈಸ್ಡ್ ಬೆಳಕು (ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಬೆಳಕು), ಬಲಕ್ಕೆ ಸುತ್ತುವುದು ಒಂದು ದಿಕ್ಕಿಗೆ, ಎಡಕ್ಕೆ ಸುತ್ತುವುದು ಇನ್ನೊಂದು ದಿಕ್ಕಿಗೆ. ಇಷ್ಟು ಅರ್ಥವಾಯಿತು. ಆದರೆ 2012ರಲ್ಲಿ ಲೀನಿಯರ್ (ಸುತ್ತದೆ ಒಂದೇ ಸಮತಲದಲ್ಲಿ ಕಂಪಿಸುವ) ಬೆಳಕಿನ ಒಂದೇ ಪಲ್ಸ್ ಸಾಕು, ಬಿಸಿಯೇ ಕೆಲಸ ಮಾಡುತ್ತದೆ ಅಂತ ತೋರಿಸಿದ್ದಾರೆ. ಬಿಸಿಗೆ ದಿಕ್ಕೇ ಇಲ್ಲ ಅಲ್ವಾ?

ಆಗುಂಬೆ ಮಳೆ:
ಬಿಸಿಗೆ ದಿಕ್ಕಿಲ್ಲ ಮಾರಾಯ್ರೆ, ದಿಕ್ಕು ಇರುವುದು ಪದರದ ಒಳಗೆ. ಅಲ್ಲಿ ಕಬ್ಬಿಣದ ಸ್ಪಿನ್ (ಪರಮಾಣುವಿನೊಳಗಿನ ಪುಟ್ಟ ಆಯಸ್ಕಾಂತ ಅನ್ನಿ) ಒಂದು ಕಡೆ, ಗ್ಯಾಡೊಲಿನಿಯಮ್ಮಿನದು ಅದಕ್ಕೆ ಎದುರು. ಪಲ್ಸ್ ಬಿದ್ದ ಕೂಡಲೇ ಎಲೆಕ್ಟ್ರಾನುಗಳು ಬಿಸಿಯಾಗುತ್ತವೆ, ಕಬ್ಬಿಣದ ಮ್ಯಾಗ್ನೆಟೈಸೇಶನ್ ಸುಮಾರು 300 ಫೆಮ್ಟೊಸೆಕೆಂಡಿನಲ್ಲಿ ಸೊನ್ನೆಗೆ ಬರುತ್ತದೆ, ಗ್ಯಾಡೊಲಿನಿಯಮ್ಮಿಗೆ ಅದೇ ಕೆಲಸಕ್ಕೆ ಸುಮಾರು 1.5 ಪಿಕೊಸೆಕೆಂಡ್ (1500 ಫೆಮ್ಟೊಸೆಕೆಂಡ್) ಬೇಕು. ಇಡೀ ಗುಟ್ಟು ಈ ವ್ಯತ್ಯಾಸದಲ್ಲಿದೆ. ಗ್ಯಾಡೊಲಿನಿಯಮ್ ಇನ್ನೂ ಮ್ಯಾಗ್ನೆಟೈಸೇಶನ್ ಕಳೆದುಕೊಳ್ಳುತ್ತಿರುವಾಗ ತನ್ನ ಆಂಗ್ಯುಲರ್ ಮೊಮೆಂಟಮ್ಮನ್ನು (ಸ್ಪಿನ್ನಿನಲ್ಲಿರುವ ಸುತ್ತುವಿಕೆಯ ಪ್ರಮಾಣ) ಕಬ್ಬಿಣಕ್ಕೆ ದಾಟಿಸುತ್ತದೆ, ಕಬ್ಬಿಣ ಸೊನ್ನೆ ದಾಟಿ ಆಚೆ ಬದಿಗೆ ಬೆಳೆಯುತ್ತದೆ. ಎದುರುಬದುರು ಇರಬೇಕಾದ ಎರಡೂ ಸ್ವಲ್ಪ ಹೊತ್ತು ಒಂದೇ ಕಡೆ ಮುಖ ಮಾಡಿರುತ್ತವೆ! ಬರ್ಲಿನ್‌ನಲ್ಲಿ ಎಕ್ಸ್-ರೇ ಬಳಸಿ ಎರಡು ಧಾತುಗಳನ್ನೂ ಬೇರೆಬೇರೆಯಾಗಿ ಅಳೆದು 2011ರಲ್ಲಿ ಇದನ್ನು ಪ್ರಕಟಿಸಿದರು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಅದು. ಆಮೇಲೆ ಗ್ಯಾಡೊಲಿನಿಯಮ್ಮೂ ತಿರುಗಿ ಮತ್ತೆ ಎದುರಾಗಿ ನಿಲ್ಲುತ್ತದೆ.

ತುಂಗಾತೀರ:
ಹಾಗಾದ್ರೆ ಎರಡನೇ ಪಲ್ಸ್ ಬಿಟ್ಟರೆ ವಾಪಸ್ ಬರಬೇಕು. ಮತ್ತೆ 2007ರಲ್ಲಿ ಎಡ-ಬಲದ ವ್ಯತ್ಯಾಸ ಯಾಕೆ ಕಂಡಿತು?

ಆಗುಂಬೆ ಮಳೆ:
ಹೌದು, ವಾಪಸ್ ಬರುತ್ತದೆ. ಮ್ಯಾಗ್ನೆಟೈಸೇಶನ್ನಿನ ದಿಕ್ಕನ್ನು ಕಪ್ಪು-ಬಿಳಿಯಾಗಿ ತೋರಿಸುವ ಕೆರ್ ಮೈಕ್ರೋಸ್ಕೋಪ್ ಚಿತ್ರ ನೋಡಿ: ಒಂದು ಪಲ್ಸಿಗೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಚುಕ್ಕೆ, ಅದೇ ಜಾಗಕ್ಕೆ ಇನ್ನೊಂದು ಬಿಟ್ಟರೆ ಚುಕ್ಕೆ ಮಾಯ, ಮೂರನೆಯದಕ್ಕೆ ಮತ್ತೆ ಕಪ್ಪು. ಶಕ್ತಿ ಜಾಸ್ತಿಯಾದರೆ ಮಾತ್ರ ಚುಕ್ಕೆಯ ನಡುಭಾಗ ಕಪ್ಪು-ಬಿಳಿ ಚೂರುಚೂರಾಗುತ್ತದೆ. ಇನ್ನು 2007ರ ಮಾತು: ಎಡ-ಬಲದ ಬೆಳಕನ್ನು ಪದರ ಒಂದೇ ಸಮನೆ ಹೀರುವುದಿಲ್ಲ. ತಿರುಗಲು ಬೇಕಾದ ಕನಿಷ್ಠ ಶಕ್ತಿಯ ಹತ್ತಿರ ಒಂದು ಬಗೆ ಅದನ್ನು ದಾಟುತ್ತದೆ, ಇನ್ನೊಂದು ದಾಟುವುದಿಲ್ಲ, ಅಷ್ಟೇ.

ಸಾಗರದ ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. 2014ರಲ್ಲಿ ಕೋಬಾಲ್ಟ್-ಪ್ಲಾಟಿನಮ್ ಪದರಗಳನ್ನೂ ಬೆಳಕಿನಿಂದ ತಿರುಗಿಸಿದ ಫಲಿತಾಂಶವನ್ನು ದಯವಿಟ್ಟು ಇದರ ಜೊತೆ ಬೆರೆಸಬೇಡಿ. ಅಲ್ಲಿ ಎದುರುಬದುರು ನಿಂತ ಎರಡು ಗುಂಪುಗಳಿಲ್ಲ. ಸಾಮಾನ್ಯವಾಗಿ ಪಲ್ಸ್ ಮೇಲೆ ಪಲ್ಸ್ ಬೇಕು, ಬೆಳಕು ಸುತ್ತುವ ದಿಕ್ಕೂ ಮುಖ್ಯ. ಸೆಮಿನಾರಿನಲ್ಲಿ ಪ್ರಶ್ನೆ ಬರುವುದೇ ಇಲ್ಲಿ.

ಫೆಮ್ಟೊಸೆಕೆಂಡ್ ಲೇಸರ್ ಇಲ್ಲ ಅಂತ ಸುಮ್ನೆ ಸ್ಲೈಡ್ ಮಾತ್ರ ತೋರಿಸಬೇಡಿ. ಬಿಸ್ಮತ್ ಸೇರಿಸಿದ ಗಾರ್ನೆಟ್ (ಬೆಳಕು ಹಾಯುವ ಒಂದು ಕಾಂತೀಯ ವಸ್ತು) ಫಿಲ್ಮಿನ ಚೂರು ಸಿಕ್ಕರೆ ಮೈಕ್ರೋಸ್ಕೋಪಿನಲ್ಲಿ ಎರಡು ಪೋಲರೈಸರ್ ನಡುವೆ ಇಡಿ. ಡೊಮೇನ್‌ಗಳು (ಒಳಗೆಲ್ಲ ಒಂದೇ ದಿಕ್ಕಿನ ಮ್ಯಾಗ್ನೆಟೈಸೇಶನ್ ಇರುವ ಭಾಗಗಳು) ಸುರುಳಿ ಸುರುಳಿಯಾಗಿ ಕಣ್ಣಿಗೇ ಕಾಣುತ್ತವೆ, ಚಿಕ್ಕ ಆಯಸ್ಕಾಂತ ಹತ್ತಿರ ತಂದರೆ ಒಂದು ಬಣ್ಣದವು ಅಗಲವಾಗುತ್ತಾ ಹೋಗುತ್ತವೆ.

ತುಂಗಾತೀರ:
ಪೋಲರೈಸರ್ ನಮ್ಮ ಲ್ಯಾಬಿನಲ್ಲೇ ಇದೆ ಸರ್. ಗಾರ್ನೆಟ್ ಫಿಲ್ಮ್ ಶಿವಮೊಗ್ಗದಲ್ಲಿ ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.