ಪದಚರ್ಚೆ: ‘ಮಫ್ತಿ’ ಸಾಲದು, ‘ಗೂಢಚಾರ’ ಹೊಂದದು. ಅಂಡರ್‌ಕವರ್ ಪೊಲೀಸನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಾಂಗ್‌ಕಾಂಗ್‌ನಲ್ಲಿ 2002ರಲ್ಲಿ ಬಂದ ‘ಇನ್ಫರ್ನಲ್ ಅಫೇರ್ಸ್’ ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಕೆಲವು ಮಾತುಗಳನ್ನೂ ಕನ್ನಡಕ್ಕೆ ತರಬೇಕಾಗಿದೆ. ಕತೆ ಹೇಳೋದು ಸುಲಭ, ಪದಗಳ ಹತ್ತಿರ ಬಂದಾಗ ಕೈ ನಿಲ್ಲುತ್ತದೆ. ಈ ಗುಂಪಿನಲ್ಲಿ ಹಳಗನ್ನಡ ಬಲ್ಲವರಿದ್ದೀರಿ, ಪತ್ರಿಕೆಗಳಲ್ಲಿ ಅಪರಾಧ ವರದಿ ಮಾಡಿದವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಆಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್ ಜೊತೆಯಾಗಿ ನಿರ್ದೇಶಿಸಿದ ಚಿತ್ರ ಇದು. ಯಾನ್ ಪೊಲೀಸ್ ತರಬೇತಿ ಶಾಲೆಯ ಹುಡುಗ. ಅವನನ್ನು ಶಾಲೆಯಿಂದ ಹೊರಹಾಕಿದ ಹಾಗೆ ಮಾಡಿ ಪಾತಕಿಗಳ ಗುಂಪಿಗೆ ಕಳಿಸುತ್ತಾರೆ. ಅದೇ ಹೊತ್ತಿಗೆ ಆ ಗುಂಪಿನ ಯಜಮಾನ ಸ್ಯಾಮ್ ತನ್ನ ಹುಡುಗರನ್ನು ಪೊಲೀಸ್ ಶಾಲೆಗೆ ಸೇರಿಸುತ್ತಾನೆ. ಅವರಲ್ಲೊಬ್ಬ ಮಿಂಗ್. ವರ್ಷಗಳು ಕಳೆಯುತ್ತವೆ. ಯಾನ್ ಸ್ಯಾಮ್‌ನ ನಂಬಿಕೆಯ ಆಳು, ಮಿಂಗ್ ಇಲಾಖೆಯ ಮೆಚ್ಚಿನ ಅಧಿಕಾರಿ. ಒಬ್ಬನನ್ನೊಬ್ಬ ಹುಡುಕುವ ಕೆಲಸ ಇಬ್ಬರ ಪಾಲಿಗೂ ಬರುತ್ತದೆ. ಟೋನಿ ಲಿಯುಂಗ್ ಯಾನ್ ಆಗಿದ್ದಾನೆ, ಆಂಡಿ ಲಾವ್ ಮಿಂಗ್. 2006ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಇದೇ ಕತೆಯನ್ನು ಬಾಸ್ಟನ್‌ಗೆ ಒಯ್ದು ‘ದಿ ಡಿಪಾರ್ಟೆಡ್’ ಮಾಡಿ ಆಸ್ಕರ್ ಗೆದ್ದ.

ಈಗ ನನ್ನ ಮೊದಲ ಪ್ರಶ್ನೆ. ಯಾನ್‌ನನ್ನು ಏನೆಂದು ಕರೆಯಬೇಕು?

ತಟ್ಟನೆ ಬಾಯಿಗೆ ಬರುವ ಪದ ‘ಮಫ್ತಿ’. 2017ರಲ್ಲಿ ಶಿವರಾಜ್‌ಕುಮಾರ್ ಮತ್ತು ಶ್ರೀಮುರಳಿ ನಟಿಸಿದ, ನರ್ತನ್ ನಿರ್ದೇಶನದ ‘ಮಫ್ತಿ’ ಬಂದ ಮೇಲಂತೂ ಈ ಪದಕ್ಕೆ ಅಂಡರ್‌ಕವರ್ ಅನ್ನೋ ಅರ್ಥವೇ ಅಂಟಿಕೊಂಡಿದೆ. ಆದರೆ ಪತ್ರಿಕೆಗಳಲ್ಲಿ ‘ಮಫ್ತಿಯಲ್ಲಿದ್ದ ಪೊಲೀಸರು’ ಅಂತ ಓದಿದಾಗ ನಮಗೆ ಕಾಣೋದು ಏನು? ಜಾತ್ರೆಯಲ್ಲೋ ಬಸ್‌ ನಿಲ್ದಾಣದಲ್ಲೋ ಪ್ಯಾಂಟು ಶರ್ಟು ಹಾಕಿಕೊಂಡು ನಿಂತ ಪೇದೆ, ಅಲ್ವಾ? ಮೂಲದಲ್ಲಿ ಅರಬ್ಬಿ ಪದ. ಫತ್ವಾ ಕೊಡುವ ಧರ್ಮಶಾಸ್ತ್ರಜ್ಞನನ್ನು ಮುಫ್ತಿ ಅನ್ನುತ್ತಾರೆ. ಬ್ರಿಟಿಷ್ ಸೇನೆಯವರ ಬಾಯಲ್ಲಿ ಅದು ‘ಸಮವಸ್ತ್ರವಲ್ಲದ ಬಟ್ಟೆ’ ಆಯಿತು. ಅಲ್ಲಿಂದ ನಮ್ಮ ಠಾಣೆಗಳಿಗೂ ಬಂತು. ಅಂದರೆ ಮಫ್ತಿ ಬಟ್ಟೆಗೆ ಸಂಬಂಧಪಟ್ಟ ಮಾತು. ಸಂಜೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಜೊತೆ ಊಟ ಮಾಡುವವನೂ ಮಫ್ತಿಯಲ್ಲಿರಬಹುದು. ಯಾನ್‌ಗೆ ಆ ಮನೆಯೇ ಇಲ್ಲ. ಮೂರು ವರ್ಷದ ಕೆಲಸ ಅಂತ ಹೇಳಿ ಕಳಿಸಿದ್ದರು, ಮೂರರ ಮೇಲೆ ಮೂರು ಸೇರಿ ಹತ್ತು ವರ್ಷ ಆಗುತ್ತಾ ಬಂದಿದೆ. ಅವನು ಪೊಲೀಸ್ ಅನ್ನೋದು ಒಬ್ಬಿಬ್ಬರಿಗೆ ಬಿಟ್ಟರೆ ಲೋಕಕ್ಕೇ ಗೊತ್ತಿಲ್ಲ. ಇದನ್ನು ಮಫ್ತಿ ಅಂದರೆ ಅವನ ಬದುಕನ್ನು ಅಂಗಿ ಮಟ್ಟಕ್ಕೆ ಇಳಿಸಿದ ಹಾಗಾಗುತ್ತದೆ.

‘ಮಾರುವೇಷ’ ಕೂಡ ಹಾಗೇ. ರಾಜ ರಾತ್ರಿ ಕಂಬಳಿ ಹೊದ್ದು ಊರು ಸುತ್ತುವ ಕತೆ ನೆನಪಾಗುತ್ತದೆ. ‘ಗೂಢಚಾರ’ ಅಂದರೆ ಗಡಿ, ಶತ್ರುದೇಶ, ರಹಸ್ಯ ಕಡತ. ‘ಗುಪ್ತಚರ’ ಅಂದಕೂಡಲೇ ಕಿವಿಗೆ ‘ದಳ’ ಅಂತಲೂ ಕೇಳಿಸುತ್ತದೆ, ಅದೊಂದು ಇಲಾಖೆ. ಪೊಲೀಸರ ಕಾಗದಪತ್ರಗಳಲ್ಲಿ ‘ಬಾತ್ಮೀದಾರ’ ಅನ್ನೋ ಚೆಂದದ ಪದ ಇದೆ. ‘ಬಾತ್ಮೀದಾರರಿಂದ ಬಂದ ಖಚಿತ ಮಾಹಿತಿ ಮೇರೆಗೆ ದಾಳಿ’ ಅನ್ನೋ ಸಾಲು ನಾವೆಲ್ಲ ಓದಿದ್ದೇವೆ. ಆದರೆ ಬಾತ್ಮೀದಾರ ಪೊಲೀಸ್ ಅಲ್ಲ. ಅವನು ಆ ಲೋಕದವನೇ, ಸುದ್ದಿ ಮಾತ್ರ ಈ ಕಡೆ ತರುತ್ತಾನೆ.

ನನಗೆ ಹತ್ತಿರ ಅನ್ನಿಸುತ್ತಿರುವುದು ಹಳೆಯ ‘ಬೇಹು’. ಕುಮಾರವ್ಯಾಸನನ್ನು ಓದಿದವರಿಗೆ ಬೇಹಿನವರು ಹೊಸಬರಲ್ಲ. ಅದರಿಂದ ‘ಒಳಬೇಹು’, ‘ಒಳಬೇಹುಗಾರ’ ಅಂತ ಮಾಡಿಕೊಂಡರೆ ಹೇಗೆ? ಹೊರಗೆ ನಿಂತು ನೋಡುವವನು ಬೇಹುಗಾರ, ಒಳಗೆ ಸೇರಿಕೊಂಡು ಬಾಳುವವನು ಒಳಬೇಹುಗಾರ. ಕ್ಯಾಂಟನೀಸ್ ಭಾಷೆಯಲ್ಲಿ ಇಂಥವನಿಗೆ ‘ಙೋ ದೈ’ ಅನ್ನುತ್ತಾರೆ, ತಳದಲ್ಲಿ ಮಲಗಿರುವವನು ಅಂತ ಅದರ ಪದಶಃ ಅರ್ಥ. (ನಮ್ಮ ಙ ಅಕ್ಷರಕ್ಕೆ ಪದದ ಮೊದಲಲ್ಲೇ ಕೆಲಸ ಸಿಕ್ಕಿದ್ದು ನೋಡಿ ಖುಷಿಯಾಯಿತು.) ತಳ, ಮಲಗು ಎರಡೂ ಕನ್ನಡದಲ್ಲಿ ಬೇರೆಯೇ ಕಡೆ ಎಳೆಯುತ್ತವೆ. ‘ಒಳ’ ಸಾಕು ಅನ್ನಿಸುತ್ತದೆ.

ಮಿಂಗ್ ವಿಷಯ ಇನ್ನೂ ಸೂಕ್ಷ್ಮ. ಪೊಲೀಸರೊಳಗೆ ಕೂತ ಪಾತಕಿಗೆ ಚೀನೀ ಮಾತಿನಲ್ಲಿ ‘ಒಳಗಿನ ದೆವ್ವ’ ಅನ್ನೋ ಅರ್ಥದ ಪದ ಇದೆ. ನಮ್ಮ ಪತ್ರಿಕೆಗಳು ‘ಒಳಗಿನವರ ಕೈವಾಡ ಶಂಕೆ’ ಅಂತ ಬರೆಯುತ್ತವೆ. ಹಿತಶತ್ರು, ಮಗ್ಗುಲ ಮುಳ್ಳು ಇವೂ ಇವೆ. ಆದರೆ ಇವೆಲ್ಲ ಬೈಗುಳದ ಮಾತುಗಳು. ಚಿತ್ರದ ಜೀವ ಇರುವುದು ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ ಅನ್ನೋದರಲ್ಲಿ. ಒಬ್ಬನಿಗೆ ಗೌರವದ ಪದ, ಇನ್ನೊಬ್ಬನಿಗೆ ಬೈಗುಳ ಕೊಟ್ಟರೆ ಕತೆ ಮುಗಿಯುವ ಮೊದಲೇ ನಾವು ತೀರ್ಪು ಕೊಟ್ಟಂತೆ. ಇಬ್ಬರಿಗೂ ಒಂದೇ ಪದ ಬೇಕು ಅನ್ನೋದು ನನ್ನ ಹಟ.

ಇಲ್ಲೇ ಕೌಟಿಲ್ಯನ ನೆನಪಾಯಿತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಬೇಹುಗಾರರ ಬಗೆಗಳ ದೊಡ್ಡ ವಿವರಣೆಯೇ ಇದೆ. ಒಂದೇ ಕಡೆ ನೆಲೆ ನಿಂತು ಕೆಲಸ ಮಾಡುವವರು ‘ಸಂಸ್ಥ’, ಊರೂರು ತಿರುಗುವವರು ‘ಸಂಚಾರ’. ವಿದ್ಯಾರ್ಥಿಯ ವೇಷದವನು, ಒಕ್ಕಲಿಗನ ವೇಷದವನು, ವ್ಯಾಪಾರಿಯ ವೇಷದವನು, ತಪಸ್ವಿಯ ವೇಷದವನು, ಹೀಗೆ ಒಬ್ಬೊಬ್ಬನಿಗೂ ಹೆಸರು. ಅವುಗಳ ನಡುವೆ ‘ಉಭಯವೇತನ’ ಅನ್ನೋ ಪದ. ಎರಡು ಕಡೆ ಸಂಬಳ ಪಡೆಯುವವನು. ನಮ್ಮವನೇ, ಆದರೆ ಶತ್ರುವಿನ ಹತ್ತಿರ ಚಾಕರಿಗೆ ಸೇರಿ ಅಲ್ಲೂ ಸಂಬಳ ತಗೊಳ್ಳುತ್ತಾನೆ. ಅಂಥವನನ್ನು ಕಳಿಸುವಾಗ ಅವನ ಹೆಂಡತಿ ಮಕ್ಕಳನ್ನು ರಾಜ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅಂತ ಕೌಟಿಲ್ಯ ಹೇಳುತ್ತಾನೆ. ಕಳಿಸಿದವನಿಗೂ ಇವನ ಮೇಲೆ ಪೂರ್ತಿ ನಂಬಿಕೆ ಇಲ್ಲ ಅಂತಾಯಿತು! ಯಾನ್, ಮಿಂಗ್ ಇಬ್ಬರಿಗೂ ಇಷ್ಟು ಸರಿಯಾಗಿ ಕೂರುವ ಪದ ಬೇರೆ ಇಲ್ಲ. ಆದರೆ ‘ಉಭಯವೇತನ’ ಇವತ್ತಿನ ಓದುಗನ ಬಾಯಲ್ಲಿ ತಿರುಗುವುದಿಲ್ಲ. ‘ಎರಡು ಸಂಬಳದವನು’ ಅಂದರೆ ಸರ್ಕಾರಿ ಕೆಲಸದ ಜೊತೆ ಟ್ಯೂಷನ್ ಮಾಡುವವನ ಹಾಗೆ ಕೇಳುತ್ತದೆ. ಯಾರಾದರೂ ಇದನ್ನು ತಿಳಿಗನ್ನಡಕ್ಕೆ ತಂದಿದ್ದರೆ ತಿಳಿಸಿ.

ಟ್ರೈಯಡ್, ಅಂದರೆ ಹಾಂಗ್‌ಕಾಂಗ್‌ನ ಸಂಘಟಿತ ಪಾತಕಿ ಗುಂಪುಗಳ ಅಂಕಿಗಳ ಬಗ್ಗೆಯೂ ಒಂದು ಮಾತು. ಅಲ್ಲಿ ಹುದ್ದೆಗಳಿಗೆ ಅಂಕಿಯ ಹೆಸರುಗಳಿವೆ. 489 ಅಂದರೆ ಯಜಮಾನ, 426 ಹೊಡೆದಾಟದ ಮುಂದಾಳು, 415 ಲೆಕ್ಕ ಮತ್ತು ಸಲಹೆಯವನು, 49 ಸಾಮಾನ್ಯ ಸದಸ್ಯ. ಒಳಗೆ ಸೇರಿಕೊಂಡ ಬೇಹುಗಾರ ಅಥವಾ ದ್ರೋಹಿ 25. ‘ಇಪ್ಪತ್ತೈದು’ ಅಂತ ಕರೆದರೆ ಅಲ್ಲಿ ಜೀವಕ್ಕೇ ಅಪಾಯ. ಇದನ್ನು ಕನ್ನಡದಲ್ಲಿ ಅಡಿಟಿಪ್ಪಣಿ ಇಲ್ಲದೆ ಹಾಗೇ ಬಿಡಬಹುದು ಅನ್ನಿಸುತ್ತದೆ. ದಂಡಸಂಹಿತೆಯ 420ನೇ ಕಲಮಿನಿಂದ ‘ಫೋರ್ ಟ್ವೆಂಟಿ’ ಅನ್ನೋ ಬೈಗುಳ ಮಾಡಿಕೊಂಡ ಜನ ನಾವು. ಈಗ ಹೊಸ ಸಂಹಿತೆಯಲ್ಲಿ ವಂಚನೆಯ ಕಲಮು 318 ಆದರೂ ಬಾಯಲ್ಲಿ ಉಳಿದಿರುವುದು ಹಳೆಯ ಅಂಕಿಯೇ.

ಇನ್ನು ಚಿತ್ರದ ಹೆಸರು. ನಾನು ಜಾಸ್ತಿ ತಲೆ ಕೆಡಿಸಿಕೊಂಡಿರುವುದು ಇದರ ಬಗ್ಗೆ.

ಇಂಗ್ಲಿಷ್ ಹೆಸರು, ಪೊಲೀಸರ ಮೇಲೇ ತನಿಖೆ ಮಾಡುವ ‘ಆಂತರಿಕ ವ್ಯವಹಾರ’ (ಇಂಟರ್ನಲ್ ಅಫೇರ್ಸ್) ವಿಭಾಗದ ಮೇಲಿನ ಶ್ಲೇಷೆ. ಇನ್ಫರ್ನಲ್ ಅಂದರೆ ನರಕದ್ದು. ಅದು ಕನ್ನಡಕ್ಕೆ ಬರುವುದಿಲ್ಲ, ಬಿಡಿ. ಮೂಲ ಹೆಸರು ‘ಮೋ ಗಾನ್ ದೋ’. ಪದಶಃ ‘ಬಿಡುವಿಲ್ಲದ ದಾರಿ’. ಬೌದ್ಧರ ಎಂಟು ಮಹಾನರಕಗಳಲ್ಲಿ ತೀರಾ ಕೆಳಗಿನದನ್ನು ಚೀನೀಯರು ‘ಬಿಡುವಿಲ್ಲದ ನರಕ’ ಅನ್ನುತ್ತಾರೆ. ಚಿತ್ರ ಶುರುವಾಗುವುದೇ ಆ ನರಕದ ಬಗ್ಗೆ ನಿರ್ವಾಣ ಸೂತ್ರದಿಂದ ತೆಗೆದ ಮಾತಿನಿಂದ. ಕೊನೆಯಲ್ಲಿ ಬರುವ ಮಾತಿನ ತಾತ್ಪರ್ಯ, ಆ ನರಕದಲ್ಲಿರುವವನಿಗೆ ಸಾವು ಬರುವುದಿಲ್ಲ, ಅಲ್ಲಿ ದೀರ್ಘಾಯುಷ್ಯವೇ ದೊಡ್ಡ ಸಂಕಟ ಅಂತ. ಈ ನರಕದ ಸಂಸ್ಕೃತ ಹೆಸರು ‘ಅವೀಚಿ’. ನಮಗೆ ಗೊತ್ತಿರುವ ಹೆಸರೇ!

ಭಾಗವತದ ಐದನೆಯ ಸ್ಕಂಧ, 26ನೇ ಅಧ್ಯಾಯ ತೆಗೆದು ನೋಡಿ. ನರಕಗಳ ಪಟ್ಟಿಯಲ್ಲಿ ಅವೀಚಿ ಬರುತ್ತದೆ. ಅಲ್ಲಿಗೆ ಹೋಗುವವರು ಯಾರು? ಸುಳ್ಳು ಸಾಕ್ಷಿ ಹೇಳಿದವರು, ವ್ಯಾಪಾರದಲ್ಲಿ, ದಾನದಲ್ಲಿ ಸುಳ್ಳಾಡಿದವರು. ಅವರನ್ನು ನೂರು ಯೋಜನ ಎತ್ತರದ ಬೆಟ್ಟದ ಮೇಲಿಂದ ತಲೆಕೆಳಗಾಗಿ ತಳ್ಳುತ್ತಾರೆ. ಕೆಳಗೆ ಬರೀ ಕಲ್ಲು, ನೀರಿನ ಹಾಗೆ ಕಾಣುತ್ತದೆ, ಆದರೆ ಅಲೆ ಇಲ್ಲ. ವೀಚಿ ಅಂದರೆ ಅಲೆ, ಅವೀಚಿ ಅಂದರೆ ಅಲೆಯಿಲ್ಲದ್ದು. ಮೈ ಚೂರುಚೂರಾಗುತ್ತದೆ, ಸಾವು ಮಾತ್ರ ಬರುವುದಿಲ್ಲ. ಮತ್ತೆ ಮೇಲಕ್ಕೆ ಹತ್ತಿಸಿ ಮತ್ತೆ ತಳ್ಳುತ್ತಾರೆ. ಬೌದ್ಧರು ಹೇಳುವ ಅರ್ಥ ‘ಬಿಡುವು ಇಲ್ಲದ್ದು’. ಎರಡು ಪರಂಪರೆ, ಎರಡು ಬಗೆಯ ಬಿಡಿಸುವಿಕೆ, ಆದರೆ ಸಾವಿಲ್ಲ ಅನ್ನೋದು ಎರಡರಲ್ಲೂ ಇದೆ. ನಮ್ಮ ಭಾಗವತದ ಅವೀಚಿಯಂತೂ ಸುಳ್ಳುಗಾರರಿಗೇ ಇಟ್ಟ ಜಾಗ. ಹೆಸರೇ ಸುಳ್ಳು ಮಾಡಿಕೊಂಡು ಬದುಕುವ ಇಬ್ಬರ ಕತೆ, ಪೊಲೀಸ್ ಅಧಿಕಾರಿ ವಾಂಗ್‌ನನ್ನು ಕಟ್ಟಡದ ಮೇಲಿಂದ ತಳ್ಳಿ ಕೊಲ್ಲುವ ಕತೆ, ಕೊನೆಗೆ ಯಾನ್ ಸತ್ತು ಮಿಂಗ್ ಉಳಿಯುವ ಕತೆ. ‘ಅವೀಚಿ’ಗಿಂತ ಬೇರೆ ಹೆಸರು ಬೇಕೇ?

ಚೀನಾದ ಮುಖ್ಯಭೂಮಿಗಾಗಿ ಚಿತ್ರಕ್ಕೆ ಇನ್ನೊಂದು ಕೊನೆ ತೆಗೆದರು. ಅದರಲ್ಲಿ ಮಿಂಗ್ ಸಿಕ್ಕಿಬೀಳುತ್ತಾನೆ. ನನ್ನ ಪ್ರಕಾರ ಅಲ್ಲಿಗೆ ಹೆಸರೇ ಕೆಟ್ಟಿತು. ಸಿಕ್ಕಿಬಿದ್ದವನಿಗೆ ಬಿಡುವು ಸಿಕ್ಕಿತಲ್ಲ! ಅವೀಚಿ ಇರುವುದು ಸಿಗದೆ ಉಳಿದವನಿಗೆ. ನನ್ನ ಅನುಮಾನ ಒಂದೇ. ಇವತ್ತಿನ ಎಷ್ಟು ಓದುಗರಿಗೆ ಈ ಪದ ತಕ್ಷಣ ಹೊಳೆಯುತ್ತದೆ? ರೌರವ, ಕುಂಭೀಪಾಕ ಅಂದರೆ ಎಲ್ಲರಿಗೂ ಗೊತ್ತು.

ಚಿತ್ರದಲ್ಲಿ ಬರವಣಿಗೆಯೇ ಸುಳಿವಾಗುವ ಒಂದು ಜಾಗವಿದೆ, ಪದಪ್ರಿಯರಾದ ನಿಮಗೆ ಇಷ್ಟವಾಗುತ್ತದೆ. ಗುಂಪಿನೊಳಗಿನ ಪೊಲೀಸ್ ಯಾರು ಅಂತ ಪತ್ತೆ ಮಾಡಲು ಸ್ಯಾಮ್ ತನ್ನ ಆಳುಗಳಿಂದ ಅವರವರ ವಿವರ ಬರೆಸಿಕೊಳ್ಳುತ್ತಾನೆ. ಒಬ್ಬನಿಗೆ ‘ಅಂಗರಕ್ಷಕ’ ಅನ್ನೋ ಪದದ ಅಕ್ಷರ ಗೊತ್ತಿಲ್ಲ. ಯಾನ್ ಅದನ್ನು ಲಕೋಟೆಯ ಮೇಲೆ ಬರೆದು ತೋರಿಸುತ್ತಾನೆ. ಮುಂದೆ ಅದೇ ಲಕೋಟೆ, ತನ್ನದೇ ಕೈಬರಹದ ಸಮೇತ, ಪೊಲೀಸ್ ಕಚೇರಿಯಲ್ಲಿ ಮಿಂಗ್‌ನ ಮೇಜಿನ ಮೇಲೆ ಕಣ್ಣಿಗೆ ಬೀಳುತ್ತದೆ. ಮಾತಿಲ್ಲ, ಬಂದೂಕಿಲ್ಲ, ಯಾನ್‌ಗೆ ಎಲ್ಲ ಅರ್ಥವಾಗುತ್ತದೆ. ಇದನ್ನು ಕನ್ನಡದಲ್ಲಿ ಹೇಳುವಾಗ ಯಾವ ಕಾಗುಣಿತ ತಪ್ಪು ಸಹಜ? ಸೊನ್ನೆ ಬಿಟ್ಟುಹೋಗುವುದೇ, ಒತ್ತಕ್ಷರವೇ? ‘ರಕ್ಷಕ’ದ ಕ್ಷ ಬರೆಯಲು ಬಾರದವನು ಅಂದರೆ ನಂಬುವ ಹಾಗಿದೆ ಅನ್ನಿಸುತ್ತದೆ.

ಕೊನೆಯ ಪ್ರಶ್ನೆ ನೀನು, ನೀವು ಬಗ್ಗೆ. ಕ್ಯಾಂಟನೀಸ್ ಕ್ರಿಯಾಪದದಲ್ಲಿ ಗೌರವದ ಪ್ರತ್ಯಯ ಇಲ್ಲ. ನಮಗೆ ಪ್ರತಿ ವಾಕ್ಯದಲ್ಲೂ ಆರಿಸಲೇಬೇಕು. ಯಾನ್ ಮತ್ತು ಮಿಂಗ್ ಪರಸ್ಪರ ಗೊತ್ತಿಲ್ಲದೆ ಮೊದಲು ಸಿಗುವುದು ಹಾಡು ಕೇಳುವ ಸ್ಟೀರಿಯೋ ಮಾರುವ ಅಂಗಡಿಯಲ್ಲಿ. ಅಲ್ಲಿ ‘ನೀವು’. ಆಮೇಲೆ ಫೋನಿನಲ್ಲಿ, ಅಧಿಕಾರಿ ಅನ್ನೋ ಗೌರವಕ್ಕೆ ‘ನೀವು’, ‘ಸಾರ್’. (ಹಾಂಗ್‌ಕಾಂಗ್‌ನಲ್ಲೂ ಪೊಲೀಸರನ್ನು ‘ಆ ಸರ್’ ಅಂತಲೇ ಕರೆಯುತ್ತಾರೆ, ಅದೊಂದು ಅನುಕೂಲ. ಪಾತಕಿಗಳು ಯಜಮಾನನನ್ನು ‘ದೊಡ್ಡಣ್ಣ’ ಅನ್ನುತ್ತಾರೆ, ನಮ್ಮಲ್ಲಿ ‘ಅಣ್ಣ’ ಸಾಕು.) ಕೊನೆಗೆ ಬಹುಮಹಡಿ ಕಟ್ಟಡದ ಚಾವಣಿಯ ಮೇಲೆ ಯಾನ್ ಬಂದೂಕು ಹಿಡಿದು ನಿಂತಾಗ ‘ನೀನು’ ಆಗಲೇಬೇಕು. ಆದರೆ ಯಾವ ವಾಕ್ಯದಲ್ಲಿ ಬದಲಾಗಬೇಕು? ಮಿಂಗ್ ತಾನಿನ್ನು ಒಳ್ಳೆಯವನಾಗುತ್ತೇನೆ, ಒಂದು ಅವಕಾಶ ಕೊಡು ಅಂತ ಕೇಳುತ್ತಾನಲ್ಲ, ಅಲ್ಲಿಯವರೆಗೆ ಯಾನ್ ಸರ್ವನಾಮವನ್ನೇ ಬಳಸದೆ ಮಾತಾಡಲಿ, ಉತ್ತರ ಕೊಡುವಾಗ ಮೊದಲ ಸಲ ‘ನೀನು’ ಬರಲಿ ಅಂತ ನನ್ನ ಯೋಚನೆ.

ಅದರ ಹಿಂದೆಯೇ ಯಾನ್ ತಾನು ಪೊಲೀಸ್ ಅನ್ನುತ್ತಾನೆ. ಅದಕ್ಕೆ ಮಿಂಗ್ ಕೊಡುವ ಉತ್ತರ ‘ಯಾರಿಗೆ ಗೊತ್ತು?’ ಕನ್ನಡದಲ್ಲಿ ಬರೀ ‘ಯಾರಿಗೆ ಗೊತ್ತು’ ಅಂದರೆ ‘ಯಾರು ಬಲ್ಲರು’ ಅನ್ನೋ ಉಡಾಫೆ ಮಾತಾಗುತ್ತದೆ. ಅವನು ಕೇಳುತ್ತಿರುವುದು ನಿಜವಾದ ಪ್ರಶ್ನೆ: ಅದು ತಿಳಿದವರು ಯಾರು ಉಳಿದಿದ್ದಾರೆ? ಸದ್ಯಕ್ಕೆ ‘ಅದು ಯಾರಿಗೆ ಗೊತ್ತಿದೆ?’ ಅಂತ ಬರೆದುಕೊಂಡಿದ್ದೇನೆ. ಒಂದು ‘ಇದೆ’ ಸೇರಿದ್ದಕ್ಕೆ ಅರ್ಥ ನೆಟ್ಟಗಾಯಿತು, ಆದರೆ ಮಾತು ಸ್ವಲ್ಪ ಉದ್ದವಾಯಿತು. ಇದಕ್ಕಿಂತ ಚಿಕ್ಕದು ಹೊಳೆದರೆ ಬರೆಯಿರಿ. ಹಾಗೇ, ಠಾಣೆಯಲ್ಲಿ ಕೆಲಸ ಮಾಡಿದವರು ಅಥವಾ ಅಂಥವರ ಮನೆಯವರು ಇಲ್ಲಿದ್ದರೆ, ಗುಂಪಿನೊಳಗೆ ಕಳಿಸಿದ ಪೊಲೀಸನನ್ನು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ ಅನ್ನೋದನ್ನು ತಿಳಿಸಿ. ಕಲಬುರಗಿ, ಬೆಳಗಾವಿ ಕಡೆಯ ಮಾತು, ಮಂಗಳೂರಿನ ಕಡೆಯ ಮಾತು ಬೇರೆ ಇರಬಹುದು. ಅವೂ ಬೇಕು.