‘ಮಿಡ್‌ನೈಟ್ ಲೈಬ್ರರಿ’ ಓದಿದವರಿಗೆ: ನಾವು ಆರಿಸದ ದಾರಿಯ ಕೊರಗಿಗೆ ಅಲ್ಲಿ ಜಾಗ ಇದೆಯಾ?

ಬದಿಯಡ್ಕದ ಓದುಗಿ:
ಮ್ಯಾಟ್ ಹೇಗ್ ಬರೆದ ಈ ಕಾದಂಬರಿ (2020) ನಿನ್ನೆ ಮುಗಿಸಿದೆ. ಓದದವರು ಇಲ್ಲೇ ನಿಲ್ಲಿ, ಕತೆ ಹೇಳಿಬಿಡುತ್ತೇನೆ. ನೋರಾ ಸೀಡ್‌ಗೆ ಬದುಕು ಸಾಕಾಗಿದೆ. ಸಾವು ಬದುಕಿನ ನಡುವಿನ ಒಂದು ಲೈಬ್ರರಿಗೆ ಬಂದು ಸೇರುತ್ತಾಳೆ. ಅಲ್ಲಿ ಗಡಿಯಾರ ನಡುರಾತ್ರಿಗೆ ನಿಂತಿದೆ. ಒಂದೊಂದು ಪುಸ್ತಕ ತೆರೆದರೆ ಅವಳು ಬದುಕಬಹುದಾಗಿದ್ದ ಒಂದೊಂದು ಬದುಕು. ಅವಳ ಕೊರಗುಗಳನ್ನೆಲ್ಲ ಬರೆದಿಟ್ಟ ಪುಸ್ತಕವೂ ಅಲ್ಲಿದೆ.

ನೋರಾಳ ಕೊರಗೆಲ್ಲ ‘ನಾನು ಹಾಗೆ ಮಾಡಬೇಕಿತ್ತು’ ಅನ್ನುವಂಥದ್ದು. ಈಜು ಬಿಟ್ಟಳು, ಬ್ಯಾಂಡ್ ಬಿಟ್ಟಳು, ಮದುವೆ ಬೇಡ ಅಂದಳು. ನಮ್ಮ ಮನೆಯ ಕೊರಗು ಬೇರೆ. ಅಜ್ಜ ಹುಟ್ಟಿದಾಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಅದೇ ಮನೆ, ಅದೇ ತೋಟ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಹೋಗಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲೇ ಇಲ್ಲ. ಅಜ್ಜ ಕೊನೆಯವರೆಗೂ ಕಾದರು.

ನಾನು ಕನ್ನಡ ಮಾಧ್ಯಮದಲ್ಲೇ ಕಲಿತವಳು. ಎಂ.ಎ.ಗೆ ಮೈಸೂರಿಗೆ ಹೋಗುವ ಆಸೆ ಇತ್ತು. ಆ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು, ತೋಟಕ್ಕೆ ಜನ ಇಲ್ಲ, ಉಳಿದೆ. ಇದರಲ್ಲಿ ಯಾವುದೂ ನಾನು ಆರಿಸಿದ್ದಲ್ಲ. ಆದರೂ ಅಡಿಕೆ ಸುಲಿಯುತ್ತಾ ಕೂತಾಗ ಮೈಸೂರಿನ ಆ ಇನ್ನೊಬ್ಬಳು ಏನು ಮಾಡುತ್ತಿದ್ದಾಳೋ ಅನಿಸುತ್ತದೆ. ಈ ಕಾದಂಬರಿಯಲ್ಲಿ ನಮ್ಮಂಥವರಿಗೆ ಏನಾದರೂ ಸಿಗುತ್ತದಾ?

ಕುಂಬಳೆಯಿಂದ:
ಸಿಗುತ್ತದೆ. ಬೆಕ್ಕಿನ ಭಾಗ ಇನ್ನೊಮ್ಮೆ ಓದಿ. ವೋಲ್ಟೇರ್ ಸತ್ತದ್ದು ತನ್ನಿಂದ ಅಂತ ನೋರಾ ನಂಬಿರುತ್ತಾಳೆ. ಮನೆಯೊಳಗೇ ಇಟ್ಟುಕೊಂಡ ಬದುಕಿನಲ್ಲೂ ಅದು ಸಾಯುತ್ತದೆ. ಅದಕ್ಕೆ ಹೃದಯದ ಕಾಯಿಲೆ ಇತ್ತು. ಅವಳ ಕೈಯಲ್ಲಿ ಇರದ್ದೇ ಅವಳ ಪಟ್ಟಿಯಲ್ಲಿತ್ತು, ಅಲ್ವಾ?

ಇನ್ನೊಂದು ನೋಡಿ. ಈಜು ಅಪ್ಪನ ಆಸೆ, ಪಬ್ ಅವಳು ಮದುವೆ ಬೇಡ ಅಂದ ಡ್ಯಾನ್‌ನದು, ಆಸ್ಟ್ರೇಲಿಯಾ ಗೆಳತಿ ಇಜ್ಜಿಯದು. ಬೇರೆಯವರ ಕನಸು ಬಿಟ್ಟದ್ದಕ್ಕೆ ಇವಳು ಕೊರಗುತ್ತಿದ್ದಾಳೆ. ಮೈಸೂರು ನಿಮ್ಮದೇ ಆಸೆಯಾ, ಅಜ್ಜನ ಆಸೆಯಾ?

ಉಪ್ಪಳದವ:
ನನಗೆ ಒಪ್ಪಿಗೆ ಇಲ್ಲ. ಮೊದಲರ್ಧ ಚೆನ್ನಾಗಿದೆ, ಆಮೇಲೆ ಬದುಕುಗಳು ಸರಸರ ಓಡುತ್ತವೆ. ಬೇಸರವಾದ ತಕ್ಷಣ ಲೈಬ್ರರಿಗೆ ವಾಪಸ್. ಆ ಅನುಕೂಲ ಯಾರಿಗಿದೆ?

ಮುಖ್ಯವಾಗಿ, ಅಜ್ಜನದ್ದನ್ನು ಕೊರಗು ಅನ್ನಬೇಡಿ. ಕೊರಗು ಒಬ್ಬರ ಮನಸ್ಸಿನದು, ಸಮಾಧಾನ ಮಾಡಿಕೊಂಡರೆ ಮುಗಿಯಿತು. 1956ರದ್ದು ಒಂದು ಊರಿನ ಬೇಡಿಕೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನಿಮ್ಮ ಬದಿಯಡ್ಕದಲ್ಲೇ ಇದ್ದುಕೊಂಡು, 2015ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಕನ್ನಡ ಶಾಲೆಯ ಮಗುವಿಗೆ ಕನ್ನಡ ಗೊತ್ತಿರುವ ಟೀಚರ್ ಬೇಕು ಅಂತ ಇವತ್ತಿಗೂ ಕೇಳಬೇಕಾಗಿದೆ. ಅದು ‘ಹೀಗಾಗಿದ್ದರೆ’ ಅನ್ನುವ ಮಾತಲ್ಲ, ಈಗಲೇ ಆಗಬೇಕಾದ ಕೆಲಸ.

ಬದಿಯಡ್ಕದ ಓದುಗಿ:
ಉಪ್ಪಳದವರ ಮಾತು ಮನಸ್ಸಿಗೆ ನಾಟಿತು. ಅಜ್ಜನ ಕಾಯುವಿಕೆ, ನನ್ನ ಎಂ.ಎ. ಎರಡನ್ನೂ ಬೇರೆ ಬೇರೆ ಇಡಬೇಕು.

ಕುಂಬಳೆಯವರೇ, ಮೈಸೂರು ನನ್ನದೇ ಆಸೆ. ಅದರಲ್ಲಿ ಅನುಮಾನ ಇಲ್ಲ. ಆದರೆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲಿಯೋ, ನೋರಾಳ ಮೊದಲಿನ ಬದುಕಿನಲ್ಲಿ ಅವಳ ಹತ್ತಿರ ಪಿಯಾನೋ ಕಲಿಯುತ್ತಿದ್ದ ಹುಡುಗ. ಆಶ್ ಎಂಬವನನ್ನು ಮದುವೆಯಾದ ಒಳ್ಳೆಯ ಬದುಕಿನಲ್ಲಿ ನೋರಾ ಆ ಹುಡುಗನಿಗೆ ಪಿಯಾನೋ ಕಲಿಸಿಲ್ಲ, ಅವನು ದಾರಿ ತಪ್ಪಿದ್ದಾನೆ. ಪಕ್ಕದ ಮನೆಯ ಬ್ಯಾನರ್ಜಿ ಮನೆ ಬಿಟ್ಟು ವೃದ್ಧರ ಆಶ್ರಯಕ್ಕೆ ಸೇರಿದ್ದಾರೆ. ಅವಳು ಇಲ್ಲದ್ದರ ಗುರುತು ಬೇರೆಯವರ ಬದುಕಿನ ಮೇಲಿದೆ. ನನ್ನ ಹತ್ತಿರ ಸಂಜೆ ಪಾಠಕ್ಕೆ ಬರುವ ಮಕ್ಕಳಿದ್ದಾರೆ. ಮಲಯಾಳಂನಲ್ಲಿ ಬಂದ ಅರ್ಜಿ ಹಿಡಿದುಕೊಂಡು ಅವರ ಅಮ್ಮಂದಿರೂ ಬರುತ್ತಾರೆ, ಕೂತು ತುಂಬಿಸಿಕೊಡುತ್ತೇನೆ. ಮೈಸೂರಿನವಳಿಗೆ ಇವರ್ಯಾರೂ ಗೊತ್ತಿರುವುದಿಲ್ಲ. ಹಾಗಂತ ಅವಳ ಮೇಲಿನ ಆಸೆ ಹೋಗಿಲ್ಲ. ಹೋಗಬೇಕು ಅಂತಲೂ ನನಗನಿಸುತ್ತಿಲ್ಲ.

ಒಂದು ಮಾತ್ರ ಇನ್ನೂ ಒಪ್ಪಲು ಆಗುತ್ತಿಲ್ಲ. ಆ ಬದುಕಿನಲ್ಲಿ ಮೋಲಿ ಅನ್ನುವ ಪುಟ್ಟ ಮಗಳಿದ್ದಾಳೆ. ನೋರಾ ಅವಳನ್ನು ಬಿಟ್ಟು ಬರಬೇಕಾಗುತ್ತದೆ. ಅದನ್ನು ನೀವೆಲ್ಲ ಹೇಗೆ ಓದಿಕೊಂಡಿರಿ?