ಭಾಷಾವಿಜ್ಞಾನವನ್ನು ವಿಜ್ಞಾನವೆನ್ನಬಹುದೇ?

ವಿಚಾರಾರ್ಥಿ: ಭಾಷಾವಿಜ್ಞಾನವೆಂದರೆ ಭಾಷೆಯ ವೈಜ್ಞಾನಿಕ ಅಧ್ಯಯನ ಎನ್ನುತ್ತಾರೆ. ಭೌತವಿಜ್ಞಾನದಲ್ಲಿ ಪ್ರಯೋಗವಿದೆ, ಅಳತೆಯಿದೆ. ಜನರು ಆಡುವುದನ್ನು ಕೇಳಿ ಬರೆದಿಟ್ಟುಕೊಳ್ಳುವ ಕೆಲಸಕ್ಕೆ ಆ ಹೆಸರು ಹೇಗೆ ಸಲ್ಲುತ್ತದೆ?

ಶಬ್ದಪ್ರಿಯ: ನನ್ನ ಆಕ್ಷೇಪ ಬೇರೆ. ವ್ಯಾಕರಣವು ಸರಿ ಯಾವುದು, ತಪ್ಪು ಯಾವುದು ಎಂದು ಹೇಳಿಕೊಡುತ್ತ ಬಂದಿದೆ. ಈ ಶಾಸ್ತ್ರದವರು ‘ಹಾಲು’ ಎನ್ನಬೇಕಾದಲ್ಲಿ ‘ಆಲು’ ಎಂದರೂ ತಪ್ಪಲ್ಲವೆನ್ನುತ್ತಾರೆ. ಹೀಗಾದರೆ ಭಾಷೆ ಉಳಿಯುವುದು ಹೇಗೆ?

ಧ್ವನಿಜಿಜ್ಞಾಸು: ನೀವು ಕೊಟ್ಟ ಪದವನ್ನೇ ನೋಡೋಣ. ಹಳಗನ್ನಡದಲ್ಲಿ ಅದು ‘ಪಾಲ್’ ಆಗಿತ್ತು. ತಮಿಳಿನಲ್ಲಿ ಇಂದಿಗೂ ಹಾಗೆಯೇ ಇದೆ. ‘ಪುಲಿ’ ಹುಲಿಯಾದಂತೆ, ‘ಪೋಗು’ ಹೋಗು ಆದಂತೆ ‘ಪಾಲ್’ ಹಾಲಾಯಿತು. ಹಕಾರ ಬಿಡುವುದು ಭಾಷೆಯ ಕೇಡೆಂದಾದರೆ, ಪಕಾರ ಬಿಟ್ಟು ಹಕಾರ ಹಿಡಿದ ನಮ್ಮ ಹಿರಿಯರನ್ನೂ ಅದೇ ಮಾತಿನಿಂದ ದೂರಬೇಕಾಗುತ್ತದೆ. ವ್ಯಾಕರಣಕಾರರೆಲ್ಲ ಬರಿಯ ವಿಧಿನಿಷೇಧದವರೆಂಬುದನ್ನೂ ನಾನು ಒಪ್ಪಲಾರೆ: ಪಾಣಿನಿ ತನ್ನ ಅಷ್ಟಾಧ್ಯಾಯಿಯಲ್ಲಿ ‘ಪ್ರಾಚಾಂ’, ‘ಉದೀಚಾಂ’ ಎಂದು ಪೂರ್ವದವರ ಮತ್ತು ಉತ್ತರದವರ ಪ್ರಯೋಗಭೇದಗಳನ್ನು ದಾಖಲಿಸಿದ್ದಾನೆ.

ವಿಚಾರಾರ್ಥಿ: ಆದರೆ ಪೂಜೆ, ಪಾಪ, ಉಪ್ಪು, ತಪ್ಪು ಇವುಗಳಲ್ಲಿ ಪಕಾರ ಹಾಗೆಯೇ ಉಳಿದಿದೆಯಲ್ಲ? ಇಷ್ಟು ಅಪವಾದಗಳಿರುವುದನ್ನು ನಿಯಮವೆನ್ನಲಾದೀತೇ?

ಧ್ವನಿಜಿಜ್ಞಾಸು: ಅವು ಉಳಿದದ್ದಕ್ಕೆ ಕಾರಣಗಳಿವೆ. ಪೂಜೆ, ಪಾಪ ಸಂಸ್ಕೃತದಿಂದ ಬಂದವು. ಮೂಲರೂಪ ಓದುಬಲ್ಲವರ ಕಣ್ಣೆದುರೇ ಇದ್ದುದರಿಂದ ಅವು ಮಾರ್ಪಡಲಿಲ್ಲ. ಉಪ್ಪು, ತಪ್ಪುಗಳಲ್ಲಿ ಪಕಾರ ದ್ವಿತ್ವವಾಗಿದೆ, ದ್ವಿತ್ವವನ್ನು ಈ ಬದಲಾವಣೆ ಮುಟ್ಟಲಿಲ್ಲ. ಯಾವ ಸನ್ನಿವೇಶದಲ್ಲಿ ಧ್ವನಿ ಬದಲಾಗುತ್ತದೆ, ಯಾವುದರಲ್ಲಿ ಇಲ್ಲ ಎಂದು ಮೊದಲೇ ಹೇಳಿ, ಆ ಮಾತನ್ನು ಹೊಸ ಪದಗಳ ಮೇಲೆ ಪರೀಕ್ಷೆಗೊಡ್ಡುವುದೇ ಇಲ್ಲಿನ ವಿಧಾನ.

ತೌಲನಿಕ: ಇದಕ್ಕಿಂತ ಬಲವಾದ ಸಾಕ್ಷಿಯೊಂದಿದೆ. ನನ್ನನ್ನು ಈ ಶಾಸ್ತ್ರದತ್ತ ಸೆಳೆದದ್ದೂ ಅದೇ. 1879ರಲ್ಲಿ, ಇನ್ನೂ 21ರ ಹರೆಯದಲ್ಲಿದ್ದ ಸ್ವಿಸ್ ಭಾಷಾವಿಜ್ಞಾನಿ ಫರ್ಡಿನಾಂಡ್ ಡಿ ಸೊಸ್ಯೂರ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳಿಗೆ ತಾಯಿಯಾದ ಇಂಡೋ-ಯುರೋಪಿಯನ್ ಮೂಲಭಾಷೆಯ ಸ್ವರವ್ಯವಸ್ಥೆಯನ್ನು ವಿವರಿಸಲು, ಆಗ ಗೊತ್ತಿದ್ದ ಯಾವ ಸಂತತಿಭಾಷೆಯಲ್ಲೂ ನೇರವಾಗಿ ಉಳಿಯದ ಕೆಲವು ಧ್ವನಿಘಟಕಗಳಿದ್ದಿರಬೇಕೆಂದು ತರ್ಕಿಸಿದರು. ಮುಂದೆ ಮಣ್ಣಿನ ಫಲಕಗಳಲ್ಲಿ ದೊರೆತ, ಅದೇ ಕುಟುಂಬದ ಪ್ರಾಚೀನ ಹಿಟ್ಟೈಟ್ ಭಾಷೆಯನ್ನು (ಇಂದಿನ ತುರ್ಕಿಯಲ್ಲಿ ಆಡುತ್ತಿದ್ದದ್ದು) ಓದಲು ಸಾಧ್ಯವಾದಾಗ, ಸೊಸ್ಯೂರ್ ಊಹಿಸಿದ್ದ ಹಲವು ಸ್ಥಾನಗಳಲ್ಲಿ ಒಂದು ವ್ಯಂಜನವೇ ಉಳಿದಿರುವುದನ್ನು ಪೋಲೆಂಡಿನ ಭಾಷಾವಿಜ್ಞಾನಿ ಕುರಿವೊವಿಚ್ 1927ರಲ್ಲಿ ತೋರಿಸಿದರು. ಸೊಸ್ಯೂರ್ ಅದನ್ನು ಕಾಣಲಿಲ್ಲ, 1913ರಲ್ಲೇ ತೀರಿಕೊಂಡಿದ್ದರು.

ವಿಚಾರಾರ್ಥಿ: ಇದು ನನಗೆ ತಿಳಿದಿರಲಿಲ್ಲ. ಅಳತೆಗೋಲು ಇಲ್ಲದಿದ್ದರೂ ಊಹೆ ಸುಳ್ಳಾಗುವ ಅವಕಾಶವಿತ್ತೆಂಬುದನ್ನು ಒಪ್ಪುತ್ತೇನೆ.

ಶಬ್ದಪ್ರಿಯ: ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬರವಣಿಗೆಗೆ ಎಲ್ಲರೂ ಒಪ್ಪಿದ ಒಂದು ರೂಪ ಬೇಡವೇ?

ಧ್ವನಿಜಿಜ್ಞಾಸು: ಖಂಡಿತ ಬೇಕು, ಆದರೆ ಅದು ಸಮಾಜ ಮಾಡಿಕೊಳ್ಳುವ ತೀರ್ಮಾನ. ‘ಹುಲಿ’ ಮತ್ತು ‘ಹುಳಿ’ ಎಂಬಲ್ಲಿ ಲಕಾರ-ಳಕಾರಗಳು ಅರ್ಥವನ್ನೇ ಬೇರ್ಪಡಿಸುವುದರಿಂದ ಅವು ಎರಡು ಬೇರೆ ಧ್ವನಿಮಾಗಳೆಂದು ಭಾಷಾವಿಜ್ಞಾನಿ ಹೇಳಬಲ್ಲ. ಆ ಭೇದವಿಲ್ಲದೆ ಮಾತನಾಡುವವರು ಸಿಕ್ಕರೆ ಅವರನ್ನು ತಿದ್ದಲು ಹೋಗುವುದಿಲ್ಲ, ಅವರು ಆ ಎರಡು ಅರ್ಥಗಳನ್ನು ಯಾವುದರಿಂದ ಬೇರ್ಪಡಿಸುತ್ತಾರೆಂದು ಕೇಳಿ ಬರೆದುಕೊಳ್ಳುತ್ತಾನೆ.